ರಾತ್ರಿ ಆಕ್ಸಿಜನ್ ಕೊಡುವ ಗಿಡ

ನನ್ನ ಇಂಟರ್ನ್‌ಶಿಪ್ಪಿನ ಐದನೆಯ ಪಾಠಕ್ಕೆ ವೀಕ್ಷಣಾ ಪುಟದಲ್ಲಿ ಬಿದ್ದ ಷರಾ ಹೀಗಿತ್ತು: ‘ಜೀವಂತ ಬೋಧನೋಪಕರಣದ ಬಳಕೆ ಉತ್ತಮ. ನಿತ್ಯಜೀವನಕ್ಕೆ ಅನ್ವಯ ಚೆನ್ನಾಗಿದೆ.’ ಆ ಜೀವಂತ ಉಪಕರಣ ಒಂದು ಸ್ನೇಕ್ ಪ್ಲಾಂಟ್. ಆರೇ ವಾರಗಳಲ್ಲಿ ಅದು ಬುಡದಿಂದ ಕೊಳೆಯಿತು. ನಿತ್ಯಜೀವನಕ್ಕೆ ನಾನು ಮಾಡಿದ ಅನ್ವಯ ತಪ್ಪಾಗಿತ್ತು. ಈ ಎರಡು ಸಂಗತಿಗಳೂ ಯಾವ ಪುಟದಲ್ಲೂ ದಾಖಲಾಗಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮನೆ ಬ್ಯಾಡಗಿಯಲ್ಲಿ, ಕಾಲೇಜು ಹಾವೇರಿಯಲ್ಲಿ, 16 ವಾರಗಳ ಇಂಟರ್ನ್‌ಶಿಪ್ಪಿಗೆ ಸಿಕ್ಕ ಪ್ರೌಢಶಾಲೆ ರಾಣೆಬೆನ್ನೂರಿನಲ್ಲಿ. ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಘಟಕದಿಂದ ದ್ಯುತಿಸಂಶ್ಲೇಷಣೆಯ ಭಾಗ ನನ್ನ ಪಾಲಿಗೆ ಬಂದಿತ್ತು. ಸೂಕ್ಷ್ಮ ಬೋಧನೆಯ ದಿನಗಳಿಂದಲೂ ನನ್ನ ಮೇಲಿದ್ದ ದೂರು ಒಂದೇ, ಪೀಠಿಕೆ ಸಪ್ಪೆ ಎಂಬುದು. ಈ ಸಲ ಚಾರ್ಟು ಬೇಡ, ಗಿಡವನ್ನೇ ಒಯ್ಯೋಣ ಎಂದುಕೊಂಡು ಹಿಂದಿನ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ನರ್ಸರಿಗೆ ಹೋದೆ. ರಾಣೆಬೆನ್ನೂರು ಬೀಜ ಮತ್ತು ಸಸಿಗಳ ವ್ಯಾಪಾರಕ್ಕೆ ಹೆಸರಾದ ಊರು. ಮೆಣಸಿನ ಸಸಿಯ ಟ್ರೇಗಳ ಹಿಂದೆ, ಕುಂಡಗಳ ಸಾಲಿನಲ್ಲಿ ಇದು ನಿಂತಿತ್ತು. ಕತ್ತಿ ನೆಟ್ಟಂತೆ ಐದು ದಪ್ಪ ಎಲೆಗಳು, ಕಡುಹಸಿರಿನ ಮೇಲೆ ಬೂದು ಬಣ್ಣದ ಅಡ್ಡಪಟ್ಟೆ, ಎರಡೂ ಅಂಚಿಗೆ ಬಳೆದಂತೆ ಹಳದಿ ಗೆರೆ.

‘ಇದು ರಾತ್ರಿನೂ ಆಕ್ಸಿಜನ್ ಕೊಡ್ತೈತ್ರಿ ಮೇಡಂ. ಮಲಗೋ ಕೋಣ್ಯಾಗ ಇಡ್ರಿ’ ಎಂದರು ಮಾರುವವರು.

ಮೊಬೈಲಿನಲ್ಲಿ ಹುಡುಕಿದೆ. ಅಲ್ಲಿಯೂ ಹತ್ತು ಕಡೆ ಅದೇ ಮಾತು. ಹತ್ತು ಕಡೆ ಇದ್ದದ್ದನ್ನು ನಾನು ಹತ್ತು ಸಾಕ್ಷಿ ಎಂದು ತಿಳಿದೆ. ಪೀಠಿಕೆ ಸಿಕ್ಕಿತು ಎಂಬ ಸಂತೋಷದಲ್ಲಿ 150 ರೂಪಾಯಿ ಕೊಟ್ಟು, ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದೆ. ಹೆಸರು ಕೇಳಿದ ಅವ್ವ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ‘ಹಾವಿನ ಗಿಡ ಅಂತ ಹೆಸರಿಟ್ಟಾರ, ಅದನ್ನ ಮನ್ಯಾಗ ಇಡ್ಬೇಕೇನು?’ ಹಾವೇರಿ ಎಂಬ ಹೆಸರನ್ನೇ ಹಾವು, ಕೇರಿ ಎಂದು ಬಿಡಿಸಿ ಹೇಳುವವರಿದ್ದಾರೆ. ಅಂಥ ಊರಿಗೆ ದಿನಾ ಮಗಳನ್ನು ಕಳಿಸುತ್ತೀಯಲ್ಲ ಎಂದೆ. ಇಂಗ್ಲಿಷಿನವರು ಇದನ್ನೇ ಅತ್ತೆಯ ನಾಲಿಗೆ ಎಂದೂ ಕರೆಯುತ್ತಾರೆ ಎಂದಾಗ ಮಾತ್ರ ಅವಳಿಗೆ ನಗು ಬಂತು. ಆ ರಾತ್ರಿ ಗಿಡ ಕಟ್ಟೆಯ ಮೇಲೆಯೇ ಉಳಿಯಿತು.

ಪಾಠ ಚೆನ್ನಾಗಿ ನಡೆಯಿತು. ಇಲ್ಲಿ ‘ಚೆನ್ನಾಗಿ’ ಎಂದರೆ ನಾವು ಪ್ರಶಿಕ್ಷಣಾರ್ಥಿಗಳು ಬಳಸುವ ಅರ್ಥದಲ್ಲಿ: ಗದ್ದಲವಾಗಲಿಲ್ಲ, ಗಂಟೆ ಹೊಡೆಯುವ ಮೊದಲೇ ಮೌಲ್ಯಮಾಪನದ ಪ್ರಶ್ನೆಗಳು ಮುಗಿದವು. ಗಿಡವನ್ನು ಮೇಜಿನ ಮೇಲಿಟ್ಟು, ‘ಎಲ್ಲ ಗಿಡಗಳು ಹಗಲು ಆಕ್ಸಿಜನ್ ಕೊಟ್ಟರೆ, ಇದು ರಾತ್ರಿಯೂ ಕೊಡುತ್ತದೆ’ ಎಂದು ಆರಂಭಿಸಿದೆ. ತರಗತಿ ಪೂರ್ತಿ ನನ್ನ ಕಡೆ ತಿರುಗಿತು. ಆಮೇಲೆ ಪತ್ರಹರಿತ್ತು, ಬೆಳಕು, ನೀರು, ಸಮೀಕರಣ ಎಲ್ಲವೂ ಕ್ರಮವಾಗಿ ಬಂದವು. ನೀರಿನ ಅಣು ಬೆಳಕಿನ ಶಕ್ತಿಯಿಂದ ಒಡೆದಾಗ ಆಕ್ಸಿಜನ್ ಬಿಡುಗಡೆಯಾಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ನಾನೇ ಬರೆದೆ.

ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಹಾಜರಿ ಕರೆದಾಗ ಬಿಟ್ಟರೆ ಬಾಯಿ ಬಿಡದ ಹುಡುಗ.

‘ಟೀಚರ್, ರಾತ್ರಿ ಬೆಳಕ ಇರಂಗಿಲ್ಲಲ್ರಿ. ಮತ್ತ ಆಕ್ಸಿಜನ್ ಹೆಂಗ ಬರ್ತೈತ್ರಿ?’

ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಬರೆಯುತ್ತಿದ್ದರು. ‘ಇದು ವಿಶೇಷ ಗಿಡ. ಅದು ಮುಂದಿನ ತರಗತಿಗಳಲ್ಲಿ ಬರುತ್ತದೆ, ನಿಮ್ಮ ಪರೀಕ್ಷೆಗಿಲ್ಲ’ ಎಂದೆ. ‘ಒಳ್ಳೆಯ ಪ್ರಶ್ನೆ’ ಎಂದೂ ಸೇರಿಸಿದೆ. ಪುನರ್ಬಲನ ಕೌಶಲದ ಅಂಕ ಅದಕ್ಕೇ ಸಿಕ್ಕಿರಬೇಕು. ಹುಡುಗ ಕೂತ. ಒಪ್ಪಿಕೊಂಡು ಕೂತವರಿಗೂ ಹೇಳಿದರೆಂದು ಕೂತವರಿಗೂ ವ್ಯತ್ಯಾಸ ಮೇಜಿನ ಬಳಿ ನಿಂತವರಿಗೆ ಕಾಣುತ್ತದೆ. ನನಗೆ ಕಂಡಿತು.

ಗಿಡ ತರಗತಿಯಲ್ಲಿಯೇ ಉಳಿಯಿತು. ಮಕ್ಕಳಿಗೆ ಜವಾಬ್ದಾರಿ ಬರಲಿ ಎಂದು ನಾನು ಒಂದು ಪಟ್ಟಿ ಮಾಡಿ ಗೋಡೆಗೆ ಹಚ್ಚಿದೆ: ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಗುಂಪು, ಗುಂಪಿಗೊಬ್ಬ ನಾಯಕ, ದಿನಾ ಒಂದು ಲೋಟ ನೀರು. ಪ್ಲಾಸ್ಟಿಕ್ ಕುಂಡ ಚಿಕ್ಕದಾಯಿತೆಂದು ದೊಡ್ಡದೊಂದು ತಂದು, ಶಾಲೆಯ ಹಿಂದಿನ ಹೊಲದ ಎರೆ ಮಣ್ಣನ್ನು ತುಂಬಿದೆವು. ಹತ್ತಿ, ಜೋಳ ಬೆಳೆಯುವ ಮಣ್ಣು. ಇದಕ್ಕಿಂತ ಒಳ್ಳೆಯ ಮಣ್ಣು ಯಾವುದು ಎಂದು ನನ್ನ ಲೆಕ್ಕ. ನೆಲ ರಾಡಿಯಾಗಬಾರದೆಂದು ಕುಂಡದ ಕೆಳಗೆ ತಟ್ಟೆ ಇಟ್ಟೆವು. ಇಷ್ಟು ಮಾಡಿ ಗಿಡವನ್ನು ಗಾಳಿ ಬೆಳಕು ಕಡಿಮೆ ಇರುವ ಮೂಲೆಯ ಕಪಾಟಿನ ಮೇಲೆ ಇಟ್ಟೆವು, ಏಕೆಂದರೆ ಇದು ನೆರಳಿನಲ್ಲಿ ಬೆಳೆಯುವ ಗಿಡ ಎಂದೂ ಹತ್ತು ಕಡೆ ಓದಿದ್ದೆ. ಅದು ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ.

ಈಗ ಯೋಚಿಸಿದರೆ ಒಂದು ಸ್ನೇಕ್ ಪ್ಲಾಂಟನ್ನು ಕೊಲ್ಲಲು ಇದಕ್ಕಿಂತ ಶಿಸ್ತಿನ ಯೋಜನೆ ಸಾಧ್ಯವಿರಲಿಲ್ಲ. ಮಕ್ಕಳು ಒಂದು ದಿನವೂ ತಪ್ಪಿಸಲಿಲ್ಲ. ಶನಿವಾರದ ಗುಂಪು ಭಾನುವಾರದ ಪಾಲನ್ನೂ ಸೇರಿಸಿ ಎರಡು ಲೋಟ ಹಾಕುತ್ತಿತ್ತೆಂದು ಆಮೇಲೆ ತಿಳಿಯಿತು.

ಮೊದಲು ಒಂದು ಎಲೆ ಬಾಗಿತು. ನೀರು ಸಾಲುತ್ತಿಲ್ಲ ಎಂದುಕೊಂಡೆವು. ಬುಡ ಹಳದಿಯಾಯಿತು, ಮುಟ್ಟಿದರೆ ಕಳಿತ ಬಾಳೆಹಣ್ಣಿನಂತೆ ಮೆತ್ತಗೆ. ಆಗಸ್ಟ್ ಕೊನೆಯ ಹೊತ್ತಿಗೆ ಒಂದು ಬೆಳಿಗ್ಗೆ ಕಪಾಟಿನ ಬಳಿ ಹೋದರೆ ಕೊಳೆತ ವಾಸನೆ. ಎಲೆ ಹಿಡಿದು ಎತ್ತಿದೆ, ಬೇರಿಲ್ಲದೆ ಕೈಗೆ ಬಂತು. ಆ ದಿನದ ಗುಂಪಿನ ನಾಯಕಿ ಅಳುವ ಮುಖ ಮಾಡಿಕೊಂಡು ‘ನಾವು ದಿನಾ ಹಾಕೀವ್ರಿ ಟೀಚರ್’ ಎಂದಳು. ಅವಳು ಹೇಳಿದ್ದು ನಿಜ, ಆದದ್ದೂ ಅದರಿಂದಲೇ.

ಉಳಿದದ್ದನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಒಯ್ದೆ. ಈ ಸಲ ಅವ್ವ ಗಿಡವನ್ನು ಒಳಗೆ ಬಿಟ್ಟುಕೊಂಡಳು. ನಮ್ಮ ಓಣಿಯವರಿಗೆ ಕೊಳೆಯುವುದು ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಮೆಣಸಿನಕಾಯಿಯ ಹಂಗಾಮಿನಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಬರುವ ಚೀಲಗಳಲ್ಲಿ ಹಸಿ ಉಳಿದ ಕಾಯಿ ಇದ್ದರೆ ಒಳಗೇ ಬೂಷ್ಟು ಹಿಡಿದು ಇಡೀ ಚೀಲ ಹೋಗುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿ, ಬೀಜದ ಸಪ್ಪಳ ಕೇಳಿ, ಒಣಗಿದೆಯೋ ಇಲ್ಲವೋ ಹೇಳುವವರು ನಮ್ಮ ಮನೆಯಲ್ಲೇ ಇದ್ದಾರೆ. ಅವ್ವ ಬುಡವನ್ನು ಒತ್ತಿ ನೋಡಿ, ‘ಕೊಳತಿದ್ದನ್ನ ಕೊಯ್ದು ಒಗಿ. ಚೊಲೋ ಇದ್ದಷ್ಟನ್ನ ನೆಳ್ಳಾಗ ಆರಹಾಕು. ಹಸಿ ಗಾಯಕ್ಕ ಮಣ್ಣ ಹಚ್ಚಬ್ಯಾಡ’ ಎಂದಳು. ಆಮೇಲೆ ನಾನು ಓದಿದ ತೋಟಗಾರಿಕೆಯ ಪುಸ್ತಕದಲ್ಲಿಯೂ ಅದೇ ಇತ್ತು, ಸ್ವಲ್ಪ ಉದ್ದವಾಗಿ.

ಮಣ್ಣಿನೊಳಗೆ ಶುಂಠಿಯಂತೆ ಅಡ್ಡ ಬೆಳೆಯುವ ಗುಪ್ತಕಾಂಡದ ಒಂದು ತುದಿ, ಅದಕ್ಕೆ ಅಂಟಿದ ಒಂದು ಎಲೆ, ಇಷ್ಟು ಗಟ್ಟಿಯಾಗಿ ಉಳಿದಿತ್ತು. ಬೇರೆ ಎರಡು ಎಲೆಗಳ ಮೇಲರ್ಧವೂ ಚೆನ್ನಾಗಿತ್ತು. ಅವನ್ನು ನಾಲ್ಕು ಬೆರಳು ಉದ್ದದ ತುಂಡುಗಳಾಗಿ ಕತ್ತರಿಸಿ ನಾಲ್ಕು ದಿನ ನೆರಳಿನಲ್ಲಿಟ್ಟೆ. ಕತ್ತರಿಸಿದ ಜಾಗ ಒಣಗಿ ಸಿಪ್ಪೆಗಟ್ಟಿತು. ಈ ಸಲ ಎರೆ ಮಣ್ಣನ್ನು ದೂರವಿಟ್ಟೆ. ಎರೆ ನೀರನ್ನು ಹಿಡಿದುಕೊಳ್ಳುತ್ತದೆ, ಹೊಲದ ಜೋಳಕ್ಕೆ ಅದು ವರ, ಕುಂಡದ ಈ ಗಿಡಕ್ಕೆ ಉರುಳು. ಗರಸು, ದಪ್ಪ ಮರಳು, ಸ್ವಲ್ಪ ಹಳೆಯ ಗೊಬ್ಬರ ಕಲಸಿ, ತೂತಿರುವ ಮಣ್ಣಿನ ಕುಂಡಗಳಿಗೆ ತುಂಬಿದೆ. ಬೆರಳನ್ನು ಎರಡು ಗೆಣ್ಣು ಒಳಗಿಳಿಸಿದಾಗ ಪೂರ್ತಿ ಒಣಗಿದ್ದರೆ ಮಾತ್ರ ನೀರು ಎಂದು ನಿಶ್ಚಯಿಸಿದೆ. ಹಾಗೆ ನೋಡಿ ಹಾಕಿದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕಾಗುತ್ತದೆ.

ಇಷ್ಟು ಕಡಿಮೆ ನೀರಿನಲ್ಲಿ ಇದು ಹೇಗೆ ಬದುಕುತ್ತದೆ? ಈ ಪ್ರಶ್ನೆ ಹಿಡಿದು ಹಾವೇರಿಯಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೂತಾಗ ನನ್ನ ಐದನೆಯ ಪಾಠ ಎದುರಿಗೆ ಬಂದು ನಿಂತಿತು.

ಈ ಗಿಡದ ತವರು ಪಶ್ಚಿಮ ಆಫ್ರಿಕಾ. ಬಹುಕಾಲ ಸ್ಯಾನ್ಸೆವೇರಿಯಾ ಟ್ರೈಫಾಸಿಯೇಟಾ ಎನಿಸಿಕೊಂಡಿದ್ದ ಇದನ್ನು 2017ರಿಂದ ಡ್ರಸೀನ ಕುಲಕ್ಕೆ ಸೇರಿಸಿದ್ದಾರೆ. ಇದರ ಒಂದು ಭಾರತೀಯ ಸೋದರಿಯಿಂದ ಹಿಂದೆ ಬಿಲ್ಲಿನ ಹೆದೆಗೆ ನಾರು ತೆಗೆಯುತ್ತಿದ್ದರು. ಅದನ್ನು ಮೂರ್ವ ಎನ್ನುವುದುಂಟು. ಹಳಗನ್ನಡ ಪದ್ಯಗಳಲ್ಲಿ ಬರುವ ‘ಮೌರ್ವಿ’ ಆ ಮಾತಿನಿಂದಲೇ ಬಂದದ್ದೆಂದು ಕನ್ನಡ ಬೋಧನಾ ವಿಧಾನದ ಗೆಳತಿ ಪಕ್ಕದಿಂದ ಹೇಳಿದಳು. ಒಣನೆಲದಲ್ಲಿ ಬಾಳುವ ಈ ಗಿಡಗಳು ಹಗಲಿನ ಬಿಸಿಲಿನಲ್ಲಿ ಪತ್ರರಂಧ್ರ ತೆರೆದರೆ ಒಳಗಿನ ನೀರು ಆರಿಹೋಗುತ್ತದೆ. ಆದ್ದರಿಂದ ಅವು ಹಗಲು ರಂಧ್ರಗಳನ್ನು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಒಳಬಂದ ಕಾರ್ಬನ್ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದ ಮೇಲೆ ಆ ಆಮ್ಲದಿಂದ ಕಾರ್ಬನ್ ಡೈಆಕ್ಸೈಡನ್ನು ಒಳಗೊಳಗೇ ಬಿಡಿಸಿಕೊಂಡು, ಬೆಳಕಿನಲ್ಲಿ ಸಕ್ಕರೆ ಮಾಡುತ್ತವೆ. ಆಕ್ಸಿಜನ್ ಹುಟ್ಟುವುದು ಆಗ, ಹಗಲಿನಲ್ಲಿ, ಉಳಿದೆಲ್ಲ ಹಸಿರು ಗಿಡಗಳ ಹಾಗೆಯೇ. ರಾತ್ರಿ ಇದು ಕಾರ್ಬನ್ ಡೈಆಕ್ಸೈಡ್ ಹೀರುತ್ತದೆ ಎಂಬುದು ಸರಿ. ಆಕ್ಸಿಜನ್ ಕೊಡುತ್ತದೆ ಎಂಬುದು ಆ ಸರಿಯ ಬಾಲಕ್ಕೆ ಯಾರೋ ಕಟ್ಟಿದ ಮಾತು. ಉಸಿರಾಟಕ್ಕಾಗಿ ರಾತ್ರಿ ಅದೂ ಆಕ್ಸಿಜನ್ ಬಳಸುತ್ತದೆ.

ಮೂರನೆಯ ಬೆಂಚಿನ ಹುಡುಗ ನಾನು ಬರೆದ ಸಮೀಕರಣವನ್ನು ನಂಬಿದ್ದ. ನಾನು ನಂಬಿರಲಿಲ್ಲ.

ಇನ್ನೊಂದು ನಾಚಿಕೆಯ ಸಂಗತಿ ಹೇಳಬೇಕು. ‘ಮುಂದಿನ ತರಗತಿಗಳಲ್ಲಿ ಬರುತ್ತದೆ’ ಎಂದೆನಲ್ಲ, ಅದು ಅದೇ ಪುಸ್ತಕದಲ್ಲಿತ್ತು. ಮರುಭೂಮಿಯ ಸಸ್ಯಗಳು ರಾತ್ರಿ ಕಾರ್ಬನ್ ಡೈಆಕ್ಸೈಡ್ ತೆಗೆದುಕೊಂಡು ಒಂದು ಮಧ್ಯವರ್ತಿ ವಸ್ತುವನ್ನು ತಯಾರಿಸಿಟ್ಟುಕೊಳ್ಳುತ್ತವೆ, ಹಗಲು ಪತ್ರಹರಿತ್ತು ಹೀರಿದ ಶಕ್ತಿ ಅದರ ಮೇಲೆ ಕೆಲಸ ಮಾಡುತ್ತದೆ ಎಂಬ ವಿಷಯ ಹತ್ತನೆಯ ತರಗತಿಯ ಆ ಘಟಕದಲ್ಲಿಯೇ ಒಂದು ವಾಕ್ಯವಾಗಿ ಇದೆ. ವಿಷಯ ವಿಶ್ಲೇಷಣೆ ಬರೆಯುವಾಗ ನಾನು ಅದನ್ನು ಓದಿದ್ದೆ. ಅದರ ಮೇಲೆ ಪ್ರಶ್ನೆ ಬೀಳುವುದಿಲ್ಲವೆಂದು ಬಿಟ್ಟಿದ್ದೆ.

ಗಾಳಿ ಶುದ್ಧಿಯ ಮಾತನ್ನೂ ಪಾಠದಲ್ಲಿ ಆಡಿದ್ದೆ, ನಾಸಾದ ಹೆಸರು ಹೇಳಿ. 1989ರ ಆ ನಾಸಾ ವರದಿ ನಿಜವಾದದ್ದೇ, ಅದರಲ್ಲಿ ಈ ಗಿಡವೂ ಇದೆ. ಆದರೆ ಆ ಪರೀಕ್ಷೆ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದ 2019ರ ಒಂದು ವಿಮರ್ಶೆಯ ಲೆಕ್ಕದಂತೆ, ಮನೆಯೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಶುದ್ಧಿಯನ್ನು ಗಿಡಗಳಿಂದ ಮಾಡಿಸಬೇಕಾದರೆ 1 ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ನಮ್ಮ ತರಗತಿ 8 ಮೀಟರ್ ಉದ್ದ, 6 ಮೀಟರ್ ಅಗಲ. ಕಡಿಮೆ ಎಂದರೂ 480 ಕುಂಡ. ಕಿಟಕಿ ತೆರೆಯುವುದು ಅಗ್ಗ.

ಇನ್ನು ಏನು ಮಾಡುವುದು? ಪಾಠ ಮುಗಿದು ಆರು ವಾರ ದಾಟಿತ್ತು, ಅಂಕ ಬಿದ್ದಿತ್ತು, ತರಗತಿ ಮುಂದಿನ ಘಟಕಕ್ಕೆ ಹೋಗಿತ್ತು. ಗೆಳತಿಯರು ಸುಮ್ಮನಿರು ಎಂದರು. ಉಳಿದ ಪಾಠಗಳ ವೀಕ್ಷಣೆಗೆ ಅದೇ ವೀಕ್ಷಕರು ಬರುವವರಿದ್ದರು. ‘ಉತ್ತಮ’ ಎಂದು ಬರೆದವರ ಮುಂದೆ ಅದು ಉತ್ತಮವಾಗಿರಲಿಲ್ಲ ಎಂದು ಹೇಳಿದರೆ ಅವರಿಗೂ ಇರುಸುಮುರುಸು. ಎರಡು ದಿನ ನಾನೂ ಸುಮ್ಮನಿದ್ದೆ. ಆದರೆ ನಮ್ಮ ಪಾಠದ ಮರುದಿನ ಮಕ್ಕಳಲ್ಲಿ ಕೆಲವರು ಮನೆಗೆ ಹೋಗಿ ರಾತ್ರಿ ಆಕ್ಸಿಜನ್ನಿನ ವಿಷಯ ಹೇಳಿದ್ದರು. ಒಬ್ಬ ಹುಡುಗಿಯ ಅಪ್ಪ ಉಬ್ಬಸವಿದ್ದ ಅಜ್ಜಿಯ ಹಾಸಿಗೆಯ ಬಳಿ ಇಡಲೆಂದು ಇದೇ ಗಿಡವನ್ನು ಕೊಂಡು ತಂದಿದ್ದರು. ಅದನ್ನು ಅವಳು ಹೆಮ್ಮೆಯಿಂದ ಹೇಳಿದ್ದಳು, ನಾನೂ ಹೆಮ್ಮೆಯಿಂದ ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೆ. ಆ ಪುಟ ಮತ್ತೆ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮಾರ್ಗದರ್ಶಕ ಶಿಕ್ಷಕರ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ‘ಸಿಲಬಸ್ ಮುಗೀಬೇಕಲ್ಲ ತಂಗಿ’ ಎಂದು ಸ್ವಲ್ಪ ಹೊತ್ತು ವೇಳಾಪಟ್ಟಿ ನೋಡಿ, ‘ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೀಕ ಇಪ್ಪತ್ತು ನಿಮಿಷ ತಗೋ. ಬರೇ ತಪ್ಪಾತು ಅಂತ ಹೇಳಿ ಬರಬ್ಯಾಡ. ಅವರ ಕೈಲೆ ಏನರ ಮಾಡ್ಸು’ ಎಂದರು. ಬಿ.ಎಡ್.ನಲ್ಲಿ ನಾನು ಪಡೆದ ಹಿಮ್ಮಾಹಿತಿಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಏನು ಮಾಡಿಸಬೇಕೆಂಬುದೂ ಗ್ರಂಥಾಲಯದ ಓದಿನಲ್ಲೇ ಸಿಕ್ಕಿತ್ತು. ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ 19ನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಸರ್ಕಾರದ ಕೆಲಸದಲ್ಲಿದ್ದವರು, ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿದವರು. ಕಾಡುಬಸಳೆಯ ಎಲೆ ಬೆಳಿಗ್ಗೆ ಅಗಿದರೆ ಹುಳಿ, ಹೊತ್ತೇರಿದಂತೆ ಹುಳಿ ಕಡಿಮೆಯಾಗುತ್ತದೆ ಎಂದು ಗಮನಿಸಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯವರಿಗೆ ಬರೆದರು. ಅದು 1815ರಲ್ಲಿ ಪ್ರಕಟವಾಯಿತು. ಉಪಕರಣ ಯಾವುದೂ ಇಲ್ಲ, ನಾಲಿಗೆಯೊಂದೇ. ಕಾಡುಬಸಳೆ ಹತ್ತನೆಯ ತರಗತಿಗೆ ಹೊಸದಲ್ಲ, ಎಲೆಯಂಚಿನಿಂದ ಸಸಿ ಬರುವ ಉದಾಹರಣೆಯಾಗಿ ಅವರ ಪುಸ್ತಕದಲ್ಲಿಯೇ ಬರುತ್ತದೆ. ಸ್ನೇಕ್ ಪ್ಲಾಂಟಿನ ಎಲೆಯಲ್ಲಿ ಸ್ಯಾಪೊನಿನ್ ಇರುವುದರಿಂದ ಬಾಯಿಗೆ ಹಾಕುವಂತಿಲ್ಲ, ತಿಂದರೆ ವಾಕರಿಕೆ, ವಾಂತಿ. ಮನೆಯಲ್ಲಿ ಕೂಸು, ಬೆಕ್ಕು, ನಾಯಿ ಇದ್ದವರು ಎತ್ತರದಲ್ಲಿಡುವುದು ಒಳ್ಳೆಯದು. ಆದ್ದರಿಂದ ನಾಲಿಗೆಯ ಬದಲು ಪಿಎಚ್ ಕಾಗದ.

ಸೆಪ್ಟೆಂಬರಿನ ಬಿಸಿಲಿದ್ದ ಒಂದು ದಿನ ಪ್ರಾರ್ಥನೆ ಮುಗಿದೊಡನೆ ಮೂರು ಬಗೆಯ ಎಲೆಗಳನ್ನು ಜಜ್ಜಿದೆವು: ಅಂಗಳದ ಕಾಡುಬಸಳೆ, ಅಜ್ಜಿಯ ಹಾಸಿಗೆಯ ಬಳಿಯಿಂದ ಆ ಹುಡುಗಿ ತಂದ ಕುಂಡದ ಸ್ನೇಕ್ ಪ್ಲಾಂಟ್, ಮತ್ತು ದಾಸವಾಳ. ಕಾಗದಗಳನ್ನು ಹೆಸರು, ಹೊತ್ತು ಬರೆದು ಹಲಗೆಗೆ ಅಂಟಿಸಿದೆವು. ಕುಂಡಗಳನ್ನು ದಿನವಿಡೀ ಬೆಳಕಿನಲ್ಲಿಟ್ಟು ಸಂಜೆ ನಾಲ್ಕೂವರೆಗೆ ಮತ್ತೆ ಜಜ್ಜಿದೆವು. ಕಾಡುಬಸಳೆಯ ಬೆಳಗಿನ ಕಾಗದ ಕಿತ್ತಳೆ, ಸಂಜೆಯದು ಹಳದಿ. ಸ್ನೇಕ್ ಪ್ಲಾಂಟಿನಲ್ಲಿ ವ್ಯತ್ಯಾಸ ಸಣ್ಣದು, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಾಣುವಂಥದ್ದು. ದಾಸವಾಳದ ಎರಡೂ ಕಾಗದ ಒಂದೇ ಬಣ್ಣ. ರಾತ್ರಿ ಕೂಡಿಟ್ಟದ್ದು ಹಗಲು ಖರ್ಚಾಗಿದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಆಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಹಿಂದೆ ನಾನು ಹೇಳಿದ್ದು ತಪ್ಪು, ಕೇಳಿದ ಪ್ರಶ್ನೆ ಸರಿಯಾಗಿತ್ತು, ನನಗೆ ಗೊತ್ತಿರಲಿಲ್ಲವಾದ್ದರಿಂದ ಪರೀಕ್ಷೆಗಿಲ್ಲ ಎಂದು ಕೂಡಿಸಿದೆ ಎಂದೆ. ಗಂಟಲು ಒಣಗಿತ್ತು. ತರಗತಿಯಲ್ಲಿ ಯಾರೂ ನಗಲಿಲ್ಲ. ಮೂರನೆಯ ಬೆಂಚಿನವನು ಕಾಗದಗಳನ್ನೇ ನೋಡುತ್ತಿದ್ದ. ಕುಂಡದ ಹುಡುಗಿ ಎದ್ದು, ‘ಹಂಗಾರ ನಮ್ಮ ಅಜ್ಜಿ ಕೋಣ್ಯಾಗಿಂದ ತಗೀಬೇಕ್ರಿ?’ ಎಂದಳು. ಇರಲಿ, ಕೆಡುಕೇನೂ ಇಲ್ಲ, ಆದರೆ ಅಜ್ಜಿಯ ಔಷಧಿ ಬಿಡಬೇಡಿ, ಕಿಟಕಿ ಮುಚ್ಚಬೇಡಿ ಎಂದೆ. ಸಂಜೆ ಅವರ ಮನೆಗೆ ಹೋಗಿ ಅವರ ತಂದೆಗೂ ಅದನ್ನೇ ಹೇಳಿ ಬಂದೆ. ‘ಔಷಧಿ ಬಿಟ್ಟಿಲ್ರಿ ಟೀಚರ್’ ಎಂದ ಮೇಲೆ ಅವರು ಕೊಟ್ಟ ಚಹಾ ನನ್ನ ಗಂಟಲಿಗೆ ಇಳಿಯಿತು.

ಬ್ಯಾಡಗಿಯ ಕುಂಡಗಳಲ್ಲಿ ಎಲೆ ತುಂಡುಗಳು ಅಲುಗದೆ ನಿಂತಿದ್ದವು. ಒಂದು ತುಂಡು ಅಕ್ಟೋಬರಿನಲ್ಲಿ ಸುಕ್ಕಾಗಿ ಸತ್ತಿತು. ಅದನ್ನು ನಾನು ತಲೆಕೆಳಗಾಗಿ ನೆಟ್ಟಿದ್ದೆ. ಎಲೆಯಲ್ಲಿ ಬುಡದ ಕಡೆಯಿಂದ ಮಾತ್ರ ಬೇರು ಬರುತ್ತದೆ. ಕತ್ತರಿಸುವಾಗಲೇ ಬುಡಕ್ಕೆ ಗುರುತು ಹಾಕಿಕೊಳ್ಳಬೇಕಿತ್ತು. ಇಂಟರ್ನ್‌ಶಿಪ್ ಮುಗಿಯುವ ವಾರ ಮೂರು ತುಂಡುಗಳ ಕುಂಡವೊಂದನ್ನು ಶಾಲೆಗೆ ಒಯ್ದು ಕಿಟಕಿಯ ಬಳಿ ಇಟ್ಟೆ. ಹಳೆಯ ಪಟ್ಟಿಯನ್ನು ಹರಿದು, ‘ಬೆರಳು ಇಳಿಸಿ ನೋಡಿ’ ಎಂದು ಮಾತ್ರ ಬರೆದು ಹಚ್ಚಿದೆ.

ಡಿಸೆಂಬರಿನಲ್ಲಿ ಹಾಜರಾತಿ ಪತ್ರಕ್ಕೆ ಸಹಿ ಮಾಡಿಸಲು ರಾಣೆಬೆನ್ನೂರಿಗೆ ಹೋದೆ. ತರಗತಿಗೆ ಇಣುಕುವ ಮೊದಲೇ ಮೂರನೆಯ ಬೆಂಚಿನವನು ಕುಂಡ ಹಿಡಿದುಕೊಂಡು ಪಡಸಾಲೆಗೆ ಬಂದ. ಒಂದು ತುಂಡಿನ ಪಕ್ಕದಲ್ಲಿ ಮಣ್ಣು ಸೀಳಿಕೊಂಡು ಹೆಬ್ಬೆರಳಿನಷ್ಟು ಎತ್ತರದ ಮೊಳಕೆ ಬಂದಿತ್ತು.

‘ಟೀಚರ್, ಇದಕ್ಕ ಹಳದಿ ಅಂಚು ಇಲ್ರಿ. ಬರೇ ಹಸರು ಐತಿ. ಯಾಕ್ರಿ?’

ನೋಡಿದೆ. ಹೌದು, ತಾಯಿ ಎಲೆಯಲ್ಲಿದ್ದ ಗೆರೆ ಮರಿಯಲ್ಲಿ ಇರಲಿಲ್ಲ. ‘ನನಗ ಗೊತ್ತಿಲ್ಲಪ್ಪ. ನೋಡಿ ಹೇಳ್ತೀನಿ’ ಎಂದೆ. ಅವನು ತಲೆಯಾಡಿಸಿ ಕುಂಡವನ್ನು ಕಿಟಕಿಗೆ ಒಯ್ದಿಟ್ಟ.

ಉತ್ತರವನ್ನು ಮುಂದಿನ ವಾರ ಮಾರ್ಗದರ್ಶಕ ಶಿಕ್ಷಕರ ಕೈಯಲ್ಲಿ ಕಳಿಸಿದೆ. ಹಳದಿ ಅಂಚಿನ ಈ ತಳಿಯಲ್ಲಿ ಎರಡು ಬಗೆಯ ಜೀವಕೋಶಗಳು ಪದರಪದರವಾಗಿ ಒಂದೇ ಎಲೆಯಲ್ಲಿ ಬದುಕುತ್ತವೆ, ಅಂಚಿನವಕ್ಕೆ ಪತ್ರಹರಿತ್ತು ಮಾಡಲು ಬಾರದು. ಎಲೆಯ ತುಂಡಿನಿಂದ ಹುಟ್ಟುವ ಮರಿ ಒಳಗಿನ ಹಸಿರು ಕೋಶಗಳಿಂದ ಹುಟ್ಟುತ್ತದೆ, ಹಾಗಾಗಿ ಗೆರೆ ಕಳೆದುಹೋಗುತ್ತದೆ. ಗೆರೆ ಬೇಕಾದರೆ ಗುಪ್ತಕಾಂಡವನ್ನೇ ಬಿಡಿಸಿ ನೆಡಬೇಕು. ಅಂಥದ್ದೊಂದು ನಮ್ಮ ಮನೆಯಲ್ಲಿದೆ, ಕೊಳೆತದ್ದರಲ್ಲಿ ಉಳಿದ ಆ ತುದಿ. ಫೆಬ್ರುವರಿಯ ಹಂಗಾಮಿನಲ್ಲಿ ಓಣಿಯ ಗಾಳಿಯಲ್ಲೆಲ್ಲ ಮೆಣಸಿನಕಾಯಿಯ ಘಾಟು, ಎಲೆಯ ಮೇಲೆ ಕೆಂಪು ಧೂಳು. ಅವ್ವ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಾಳೆ, ಹೆಸರನ್ನು ಮಾತ್ರ ಈಗಲೂ ಬಾಯಲ್ಲಿ ಹೇಳುವುದಿಲ್ಲ. ಅದರ ಪಕ್ಕದಲ್ಲಿ ಮೊನ್ನೆ ಇನ್ನೊಂದು ಮರಿ ಎದ್ದಿದೆ, ಅಂಚಿಗೆ ಸಣ್ಣ ಹಳದಿ ಗೆರೆಯಿದೆ. ಇನ್ನೊಂದು ಬೆರಳು ಎತ್ತರವಾದ ಮೇಲೆ ಬಿಡಿಸಿ, ಬುಡ ಒಣಗಿಸಿ, ರಾಣೆಬೆನ್ನೂರಿಗೆ ಒಯ್ಯಬೇಕು.